ಮೊದಲ ಫ್ಯಾನಿನ ಮಾತು

“ಅಜ್ಜಾರ, ನಾ ದಿನಾ ಸಂಜಿಕೆ ಹೋಗಿ ಕೇಳ್ತಿದ್ದೆ. ಎಲ್ಲಾರೂ ಆರಾಮ ಅದೀವಿ ಅಂತಿದ್ರು. ಅವರ ಹೇಳಲಿಲ್ಲಂದ್ರ ನನಗ ಹೆಂಗ ತಿಳೀಬೇಕ್ರಿ?”

ಹೀಗೆ ಗುರುಗಳನ್ನು ಕೇಳಿದವನು ಮುರುಗಯ್ಯ. ಮಠದಲ್ಲಿ ದಾಸೋಹದ ಉಸ್ತುವಾರಿ ಅವನದು. ಅಡುಗೆಮನೆಯ ಮೂಲೆಯ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ನೀಲವ್ವ ಹಿಂದಿನ ವಾರ ತೀರಿಕೊಂಡಿದ್ದಳು. ಆ ಮೂಲೆಗೆ ಕಿಟಕಿ ಇಲ್ಲ. ಹೊಗೆ ಎದೆಗೆ ಕಟ್ಟಿ, ಕೆಮ್ಮಿ ಕೆಮ್ಮಿ ಸೋತು, ಕೊನೆಯ ದಿನದವರೆಗೂ ಅವಳು ರೊಟ್ಟಿ ಬಡಿದಿದ್ದಳು. ಪಂಕ್ತಿಗೆ ಒಂದು ಹೊತ್ತೂ ರೊಟ್ಟಿ ಕಡಿಮೆ ಬಿದ್ದಿರಲಿಲ್ಲ. ಅವಳು ಸತ್ತ ಮೇಲೆ ಮಗಳು ಬಂದು, ಯಾರನ್ನೂ ಬೈಯದೆ, ಅವ್ವನ ಸೀರೆಯ ಗಂಟನ್ನು ಕೇಳಿ ತೆಗೆದುಕೊಂಡು ಹೋದಳು. ಬೈದಿದ್ದರೆ ಮುರುಗಯ್ಯನಿಗೆ ನಿದ್ದೆ ಬರುತ್ತಿತ್ತೋ ಏನೋ. ನಿನ್ನ ತಪ್ಪಿಲ್ಲ ಎಂಬ ಒಂದು ಮಾತು ಅವನಿಗೆ ಗುರುಗಳ ಬಾಯಿಂದ ಬೇಕಾಗಿತ್ತು.

“ಯಾರನ್ನ ಕೇಳ್ತಿದ್ದಿ?” ಎಂದರು ಗುರುಗಳು.

“ಗದಿಗೆಪ್ಪನ್ನರಿ. ಹಿರೇ ಅಡಿಗಿಯವ ಅಂವನ. ಬಾಗಲ ಬಾಜೂ ಒಲಿ ಅಂವಂದು.”

“ಎಲ್ಲಿ ನಿಂತ ಕೇಳ್ತಿದ್ದಿ?”

“ಬಾಗಲದಾಗ್ರಿ. ಒಳಗ ಭಾಳ ಹೊಗಿ.”

ಗುರುಗಳು ಮತ್ತೇನೂ ಕೇಳಲಿಲ್ಲ. ಪೂರ್ವಾಶ್ರಮದಲ್ಲಿ ಅವರು ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡಿದವರು. ಆದ್ದರಿಂದ ಅವರ ದೃಷ್ಟಾಂತಗಳಲ್ಲಿ ಹುಲಿ, ಹಸು, ಬಾವಿಕಟ್ಟೆ ಬರುವುದು ಅಪರೂಪ. ಭಕ್ತರು ಮೊದಮೊದಲು ಸೆರಗಿನ ಮರೆಯಲ್ಲಿ, ಟವೆಲಿನ ಮರೆಯಲ್ಲಿ ನಗುತ್ತಿದ್ದರು. ಆಮೇಲೆ ರೂಢಿಯಾಯಿತು. ಆಡುವಾಗ ಊರ ಮಾತನ್ನೇ ಆಡುವ ಗುರುಗಳು ಕತೆ ಹೇಳುವಾಗ ಮಾತ್ರ ಪುಸ್ತಕದ ಕನ್ನಡಕ್ಕೆ ಹೊರಳುತ್ತಿದ್ದರು. ಕತೆಗೆ ಒಗೆದ ಬಟ್ಟೆ ಉಡಿಸಬೇಕು ಎಂದು ಅವರ ವಾದ.

ಗುರುಗಳು ಹೇಳಿದರು.

ಒಬ್ಬ ಧ್ವನಿಮುದ್ರಕನಿದ್ದ. ಹಾಡುವವರ ಹಾಡನ್ನು, ಮಾತಾಡುವವರ ಮಾತನ್ನು ಮುದ್ರಿಸಿ ಕೊಡುವುದು ಅವನ ಕಸುಬು. ಅವನ ಹೆಂಡತಿಗೆ ಗಂಟಲಿನಲ್ಲಿ ಹುಣ್ಣಾಯಿತು. ಅದು ಮದ್ದಿಗೆ ಮಾಯುವ ಹುಣ್ಣಾಗಿರಲಿಲ್ಲ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನು ತೆಗೆಯಬೇಕು ಎಂದರು ವೈದ್ಯರು. ತೆಗೆದ ಮೇಲೆ ಮಾತು ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಇನ್ನೂ ಕೆಲವು ವಾರ ಇತ್ತು. ಅಲ್ಲಿಯವರೆಗೆ ಗಂಟಲನ್ನು ದಣಿಸಬೇಡಿ, ತೀರಾ ಬೇಕಾದಷ್ಟೇ ಮಾತಾಡಿ ಎಂದೂ ಹೇಳಿ ಕಳಿಸಿದರು.

ಜೀವಮಾನವೆಲ್ಲ ಬೇರೆಯವರ ಧ್ವನಿಯನ್ನು ಉಳಿಸಿಕೊಟ್ಟವನಿಗೆ ಹೆಂಡತಿಯ ಧ್ವನಿಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಒಂದು ಉಪಾಯವಿತ್ತು. ಅವಳು ಓದಿದ್ದನ್ನು ಬಹಳಷ್ಟು ಮುದ್ರಿಸಿ ಕಂಪ್ಯೂಟರಿಗೆ ಕೊಟ್ಟರೆ, ಅದು ಆ ಧ್ವನಿಯನ್ನು ಕಲಿಯುತ್ತದೆ. ಆಮೇಲೆ ಅವಳು ಏನನ್ನು ಟೈಪ್ ಮಾಡಿದರೂ ಅವಳದೇ ಧ್ವನಿಯಲ್ಲಿ ನುಡಿಯುತ್ತದೆ. ಆದರೆ ಕಲಿಯುವ ಕೆಲಸ ಸಣ್ಣದಲ್ಲ. ದೊಡ್ಡ ಕಂಪ್ಯೂಟರೊಂದು ಹಗಲೂ ರಾತ್ರಿ ವಾರಗಟ್ಟಲೆ ದುಡಿಯಬೇಕು. ಅಂಥದೊಂದನ್ನು ಅವನು ಕೈಯಾರೆ ಜೋಡಿಸಲು ಕುಳಿತ.

ಕಂಪ್ಯೂಟರಿನ ಪೆಟ್ಟಿಗೆ ಎಂದರೆ ಒಂದು ಮುಚ್ಚಿದ ಕೋಣೆ. ಒಳಗೆ ಕೆಲಸ ಮಾಡುವುದೆಲ್ಲ ಬಿಸಿಯಾಗುತ್ತದೆ. ಮುಂದಿನಿಂದ ತಣ್ಣನೆಯ ಗಾಳಿ ಒಳಗೆ ಬರಬೇಕು, ಹಿಂದಿನಿಂದ ಬಿಸಿ ಗಾಳಿ ಹೊರಗೆ ಹೋಗಬೇಕು. ಅದಕ್ಕೆ ಫ್ಯಾನುಗಳು. ಅವನು ಹಿಂದುಗಡೆ ಒಂದು ಹೊಸ ಫ್ಯಾನನ್ನು ಕೂರಿಸಿದ. ಮುಂದುಗಡೆ ಎರಡು ಹಳೆಯ ಫ್ಯಾನುಗಳನ್ನು, ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಪೆಟ್ಟಿಗೆಯಿಂದ ಬಿಚ್ಚಿ ತಂದು ಕೂರಿಸಿದ. ಹಳೆಯವಾದರೂ ಚೆನ್ನಾಗಿಯೇ ತಿರುಗುತ್ತಿದ್ದವು. ಅವುಗಳ ಹಿಂದೆಯೇ ಹಾರ್ಡ್ ಡಿಸ್ಕುಗಳು ಇದ್ದವು. ಹೆಂಡತಿಯ ಧ್ವನಿ ಇರಬೇಕಾದದ್ದು ಆ ಡಿಸ್ಕುಗಳಲ್ಲಿ. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಡಿಸ್ಕುಗಳನ್ನು ಇಟ್ಟು, ಎರಡರಲ್ಲೂ ಅದನ್ನೇ ತುಂಬಲು ಏರ್ಪಾಟು ಮಾಡಿದ. ಎರಡನ್ನೂ ಇಟ್ಟದ್ದು ಒಂದೇ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು.

ಇಷ್ಟು ಫ್ಯಾನುಗಳ ವೈರು ಚುಚ್ಚಲು ಮದರ್‌ಬೋರ್ಡಿನಲ್ಲಿ ಜಾಗ ಸಾಲಲಿಲ್ಲ. ಅದಕ್ಕಾಗಿ ಅವನು ಒಂದು ಫ್ಯಾನ್ ಕಂಟ್ರೋಲರ್ ತಂದ. ಅದು ಒಂದು ಪುಟ್ಟ ಹಲಗೆ. ಕರೆಂಟು ನೇರವಾಗಿ ಪವರ್ ಸಪ್ಲೈಯಿಂದ ಬರುತ್ತದೆ. ಸಾಲಾಗಿ ಸಾಕೆಟ್ಟುಗಳಿವೆ, ಎಲ್ಲ ಫ್ಯಾನುಗಳ ವೈರನ್ನೂ ಅಲ್ಲಿಗೆ ಚುಚ್ಚಬೇಕು. ಅಲ್ಲಿಂದ ಮದರ್‌ಬೋರ್ಡಿಗೆ ಹೋಗುವುದು ಒಂದೇ ವೈರು. ಎಲ್ಲ ಫ್ಯಾನುಗಳ ವೇಗವನ್ನೂ ಏರಿಸಲು, ಇಳಿಸಲು ಪೆಟ್ಟಿಗೆಯ ಹೊರಗಿನಿಂದಲೇ ತಿರುಗಿಸುವ ಒಂದು ರೆಗ್ಯುಲೇಟರ್, ಮನೆಯ ಗೋಡೆಯ ಮೇಲೆ ಇರುತ್ತದಲ್ಲ, ಅಂಥದು.

ಇಲ್ಲಿ ಸ್ವಲ್ಪ ಗಮನ ಕೊಡು, ಮುರುಗಯ್ಯ. ಆ ಹಲಗೆಗೆ ಒಂದು ಗುಣವಿತ್ತು. ಅಪ್ಪಣೆಯನ್ನು ಅದು ಎಲ್ಲ ಫ್ಯಾನುಗಳಿಗೂ ಮುಟ್ಟಿಸುತ್ತಿತ್ತು. ಸುದ್ದಿಯನ್ನು ಮಾತ್ರ ಮೊದಲ ಸಾಕೆಟ್ಟಿನ ಫ್ಯಾನಿನಿಂದಷ್ಟೇ ತರುತ್ತಿತ್ತು. ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಪರದೆಯ ಮೇಲೆ ಬರುತ್ತಿತ್ತು. ಉಳಿದ ಸಾಕೆಟ್ಟುಗಳಿಂದ ಸುದ್ದಿ ಹೊರಡುವ ದಾರಿಯೇ ಇರಲಿಲ್ಲ. ಇದೇನೂ ಮೋಸವಲ್ಲ. ಅಂಥ ಹಲಗೆಗಳು ಹಾಗೆಯೇ ಇರುತ್ತವೆ. ಎಲ್ಲರಿಗೂ ಹೋಗುವ ಅಪ್ಪಣೆ ಒಂದೇ ಆದ್ದರಿಂದ ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿರುತ್ತವೆ ಎಂದು ಮಾಡಿದವರ ಲೆಕ್ಕಾಚಾರ. ಒಬ್ಬನ ನಾಡಿ ಹಿಡಿದು ಮನೆಮಂದಿಗೆಲ್ಲ ಔಷಧ ಬರೆದ ಹಾಗೆ. ಧ್ವನಿಮುದ್ರಕನಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಒಂದು ಕಡೆ ಇಟ್ಟು ಮರೆತ.

ಹೊಸ ಫ್ಯಾನಿನ ವೈರು ಗಿಡ್ಡ. ಮೊದಲ ಸಾಕೆಟ್ಟು ಅದಕ್ಕೆ ಹತ್ತಿರ. ಅದನ್ನು ಅಲ್ಲಿಗೆ ಚುಚ್ಚಿದ. ಹಳೆಯ ಫ್ಯಾನುಗಳ ವೈರು ಉದ್ದ. ಅವನ್ನು ಕೊನೆಯ ಸಾಕೆಟ್ಟುಗಳಿಗೆ ಚುಚ್ಚಿದ. ಯಾರ ಮಾತು ಕೇಳಬೇಕು, ಯಾರದು ಬೇಡ ಎಂಬುದನ್ನು ಅವನು ತೀರ್ಮಾನಿಸಲಿಲ್ಲ. ವೈರಿನ ಉದ್ದ ತೀರ್ಮಾನಿಸಿತು.

ಮುಚ್ಚಳ ಹಾಕುವ ಮೊದಲು ರೆಗ್ಯುಲೇಟರನ್ನು ಪೂರ್ತಿ ಏರಿಸಿ, ತೆಳು ಕಾಗದದ ಚೂರೊಂದನ್ನು ಒಂದೊಂದು ಫ್ಯಾನಿನ ಮುಂದೆಯೂ ಹಿಡಿದು ನೋಡಿದ. ಮುಂದಿನವು ಕಾಗದವನ್ನು ಒಳಕ್ಕೆ ಎಳೆದವು. ಹಿಂದಿನದು ಹೊರಕ್ಕೆ ತಳ್ಳಿತು. ಎಲ್ಲವೂ ಸರಿಯಾಗಿತ್ತು. ಅವನು ಅಷ್ಟು ಚೊಕ್ಕ ಕೆಲಸಗಾರ. ಆಮೇಲೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದ.

ಮನೆಯಲ್ಲಿ ಇದ್ದದ್ದು ಒಂದೇ ಸದ್ದಿಲ್ಲದ ಕೋಣೆ. ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಟ್ಟ. ಹೆಂಡತಿ ಆ ಮೇಜಿನ ಮುಂದೆ ಕುಳಿತು ಮೈಕಿಗೆ ಓದಬೇಕು. ಮೊದಲ ದಿನ ಮುದ್ರಿಸಿ ಕೇಳಿದ. ಅವಳ ಧ್ವನಿಯ ಹಿಂದೆ ಫ್ಯಾನುಗಳ ಗುಂಯ್ ಎಂಬ ಸದ್ದಿತ್ತು. ಆ ಸದ್ದನ್ನೂ ಕಂಪ್ಯೂಟರು ಅವಳ ಧ್ವನಿಯೆಂದೇ ಕಲಿತುಬಿಡುತ್ತದೆ. ಅವನು ರೆಗ್ಯುಲೇಟರನ್ನು ಇಳಿಸಿದ. ಇನ್ನೂ ಕೇಳಿಸಿತು. ಮತ್ತಷ್ಟು ಇಳಿಸಿದ. ಸದ್ದು ಒಮ್ಮೆಲೇ ಅರ್ಧಕ್ಕರ್ಧ ಅಡಗಿತು. ಅವನಿಗೆ ಸಂತೋಷವಾಯಿತು. ಪರದೆಯನ್ನು ನೋಡಿದ. ಫ್ಯಾನು ನಿಧಾನವಾಗಿ ತಿರುಗುತ್ತಿದೆ, ಎಲ್ಲವೂ ಸರಿಯಿದೆ ಎಂದು ಹಸಿರು ಅಕ್ಷರದಲ್ಲಿತ್ತು.

ಸದ್ದು ಅಡಗಿದ್ದು ಮುಂದಿನ ಎರಡು ಫ್ಯಾನುಗಳು ನಿಂತದ್ದರಿಂದ. ನಿಧಾನವಾಗಿ ತಿರುಗುವುದಕ್ಕೂ ಶಕ್ತಿ ಬೇಕು. ಹೊಸ ಫ್ಯಾನಿಗೆ ಆ ಶಕ್ತಿಯಿತ್ತು. ಹಳೆಯವಕ್ಕೆ ಇರಲಿಲ್ಲ. ಅಪ್ಪಣೆ ಎಲ್ಲಕ್ಕೂ ಒಂದೇ ಹೋಯಿತು, ಆದರೆ ಎಲ್ಲವೂ ಒಂದೇ ಆಗಿರಲಿಲ್ಲ. ಅವು ನಿಂತಲ್ಲಿಯೇ ಒಂದಿಷ್ಟು ಅದುರಿ, ಅದುರುವುದನ್ನೂ ಬಿಟ್ಟವು. ಅವುಗಳ ಬಗ್ಗೆ ಪರದೆಯ ಮೇಲೆ ಏನೂ ಬರಲಿಲ್ಲ. ಬರುವ ದಾರಿ ಇರಲಿಲ್ಲ ಎಂದೆನಲ್ಲ.

ಅವಳು ದಿನವೂ ಓದಿದಳು. ಹಾಲಿನವನು ಬಂದ. ಬಾಗಿಲು ಹಾಕಿಕೊಳ್ಳಿ. ನಾಳೆ ಅಮಾವಾಸ್ಯೆ. ಇಂಥ ಸಣ್ಣ ಸಣ್ಣ ವಾಕ್ಯಗಳು. ಗಂಟಲು ದಿನದಿಂದ ದಿನಕ್ಕೆ ಕಟ್ಟುತ್ತಿತ್ತು. ಉಳಿದ ಧ್ವನಿಯನ್ನು ಅವಳು ಇದಕ್ಕೆಂದೇ ತೆಗೆದಿಟ್ಟಳು. ನೆರೆಯವರೊಡನೆ ಮಾತು ಬಿಟ್ಟಳು. ತವರಿನಿಂದ ಫೋನು ಬಂದರೆ ಗಂಡನ ಕೈಗೆ ಕೊಟ್ಟಳು. ಓದುವ ಹೊತ್ತಿನಲ್ಲಿ ಓದಬೇಕಾದ್ದನ್ನು ಬಿಟ್ಟು ಒಂದು ಮಾತೂ ಬೇರೆ ಆಡಬಾರದೆಂದು ಗಂಡ ಹೇಳಿದ್ದ. ಅವಳು ಕೆಮ್ಮಿದರೂ, ಏನನ್ನಾದರೂ ಕೇಳಹೊರಟರೂ ಅವನು ತುಟಿಯ ಮೇಲೆ ಬೆರಳು ಇಟ್ಟು ತೋರಿಸುತ್ತಿದ್ದ. ಅದರಲ್ಲಿ ಒರಟುತನವಿರಲಿಲ್ಲ. ಅವನಷ್ಟು ಪ್ರೀತಿಸಿದ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಪ್ರೀತಿಸುವವರೇ ಹೀಗೆ ಬೆರಳು ಇಡುತ್ತಾರೆ, ಅದೇ ಇದರ ಸಂಕಟ.

ಒಂದು ದಿನ ಅವಳು ಓದುತ್ತ ಓದುತ್ತ ನಿಲ್ಲಿಸಿ, “ಕಾಲಿಗೆ ಭಾಳ ಝಳಾ ಬಡ್ಯಾಕತ್ತೇತ್ರಿ” ಎಂದಳು.

ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಸುಮ್ಮನಾಗಿ ಮುಂದಿನ ವಾಕ್ಯ ಓದಿದಳು. ಕೆಲಸ ಮುಗಿದ ಮೇಲೆ, ಆಗ ಏನೋ ಹೇಳಿದೆಯಲ್ಲ ಎಂದು ಅವನು ಕೇಳಿದ. ಅವಳು ತನ್ನ ಗಂಟಲಲ್ಲಿ ಇನ್ನೆಷ್ಟು ಉಳಿದಿದೆ ಎಂದು ಯೋಚಿಸಿರಬೇಕು. “ಏನಿಲ್ಲ ಬಿಡ್ರಿ” ಎಂದಳು. ಅವನು ಅಭ್ಯಾಸಬಲದಿಂದ ಪರದೆ ನೋಡಿದ. ಅಕ್ಷರ ಹಸಿರಾಗಿಯೇ ಇತ್ತು. ಆಮೇಲೆ ಮುದ್ರಣವನ್ನು ಚೊಕ್ಕ ಮಾಡುವಾಗ, ಓದಿನಲ್ಲಿಲ್ಲದ ಮಾತೆಂದು, ಝಳ ಎಂದ ಆ ತುಣುಕನ್ನು ಕತ್ತರಿಸಿ ಹಾಕಿದ.

ಶಸ್ತ್ರಚಿಕಿತ್ಸೆ ಆಯಿತು. ಅವಳು ಬದುಕಿದಳು. ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು ಉಳಿಯಿತು. ಬಾಯಿ ತೆರೆದರೆ ಗಾಳಿಯೂ ಬರುತ್ತಿರಲಿಲ್ಲ. ಅವಳು ಹಾಸಿಗೆಯಿಂದ ಆ ಕೋಣೆಯ ಕಡೆ ನೋಡುತ್ತಿದ್ದಳು. ಇನ್ನು ಸ್ವಲ್ಪ ದಿನ ಎಂದು ಅವನು ಹೇಳುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಒಳಗೆ ಕಂಪ್ಯೂಟರು ಹಗಲೂ ರಾತ್ರಿ ಅವಳ ಧ್ವನಿಯನ್ನು ಕಲಿಯುತ್ತಿತ್ತು. ಹೊರಗೆ ಬೇಸಿಗೆ ಏರುತ್ತಿತ್ತು.

ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿನಿಂದ ಕಟ್ ಕಟ್ ಎಂದು ಸದ್ದು ಬಂತು. ಒಂದು ಡಿಸ್ಕು ಹೋಯಿತು. ಅವನು ಎದೆ ಗಟ್ಟಿ ಮಾಡಿಕೊಂಡು ಇನ್ನೊಂದರಲ್ಲಿ ಹುಡುಕಿದ. ಅದು ಮೊದಲೇ ಹೋಗಿತ್ತು. ಎರಡೂ ಅದೇ ಬಿಸಿಯಲ್ಲಿ ಬೆಂದಿದ್ದವು. ದೊಡ್ಡ ಊರಿಗೆ ಒಯ್ದು ಬಲ್ಲವರ ಕೈಗೆ ಕೊಟ್ಟ. ಅವರು ಬಿಚ್ಚಿ ನೋಡಿ, ಇದರಲ್ಲಿ ಇನ್ನೇನೂ ಇಲ್ಲ ಎಂದು ಹಿಂದಿರುಗಿಸಿದರು. ಆ ಧ್ವನಿ ಅವಳ ಗಂಟಲಿನಲ್ಲಿಯೂ ಇರಲಿಲ್ಲ. ಇಂಥದಕ್ಕೆ ಸಮಾಧಾನ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ.

ಮನೆಗೆ ಬಂದು ಅವನು ಪೆಟ್ಟಿಗೆಯ ಮುಚ್ಚಳ ತೆಗೆದ. ಮುಂದಿನ ಫ್ಯಾನುಗಳ ರೆಕ್ಕೆಗೂ ಚೌಕಟ್ಟಿಗೂ ನಡುವೆ ಜೇಡ ಬಲೆ ಕಟ್ಟಿತ್ತು. ತಿರುಗುವ ಫ್ಯಾನಿನಲ್ಲಿ ಜೇಡ ಬಲೆ ಕಟ್ಟುವುದಿಲ್ಲ. ಕರೆಂಟು ಕೊಟ್ಟ. ಹಿಂದಿನ ಹೊಸ ಫ್ಯಾನು ಸದ್ದಿಲ್ಲದೆ ತಿರುಗತೊಡಗಿತು. ಮುಂದಿನವು ಅಲುಗಲಿಲ್ಲ. ಅವನು ರೆಗ್ಯುಲೇಟರನ್ನು ಸ್ವಲ್ಪ ಏರಿಸಿದ. ಹಳೆಯ ಫ್ಯಾನುಗಳು ಬಲೆಯನ್ನು ಹರಿದುಕೊಂಡು ಗುಂಯ್ ಎಂದು ತಿರುಗಿದವು.

ಅವು ಕೆಟ್ಟಿರಲಿಲ್ಲ, ಮುರುಗಯ್ಯ. ಅಷ್ಟು ಕಡಿಮೆಯಲ್ಲಿ ಅವುಗಳಿಂದ ಆಗುತ್ತಿರಲಿಲ್ಲ, ಅಷ್ಟೇ. ಯಾರಾದರೂ ಒಮ್ಮೆ ಮುಚ್ಚಳ ತೆಗೆದು ಕಾಗದದ ಚೂರು ಹಿಡಿದಿದ್ದರೆ ಸಾಕಿತ್ತು.

ಅವನು ಎದ್ದು ಹೆಂಡತಿಯ ಬಳಿಗೆ ಹೋದ. ದುಃಖಕ್ಕೆ ಒರಗಲು ಒಂದು ಗೋಡೆ ಬೇಕಾಗುತ್ತದೆ. ಅವನಿಗೆ ಸಿಕ್ಕಿದ್ದು ಅವಳೇ.

“ಕಾಲಬುಡದಾಗ ಅಷ್ಟ ಬಿಸಿ ಇತ್ತು. ನೀ ಒಂದ ಮಾತ ಹೇಳಬಾರದಿತ್ತ?” ಎಂದ.

ಅವಳು ಸೀರೆಯನ್ನು ಸ್ವಲ್ಪ ಎತ್ತಿ ಮೊಣಕಾಲಿನ ಕೆಳಗೆ ತೋರಿಸಿದಳು. ಚರ್ಮ ಕಂದಿ, ಒಲೆಯ ಮುಂದೆ ಬಹಳ ಕಾಲ ಕುಳಿತವರ ಕಾಲಿನ ಹಾಗೆ ಕಪ್ಪುಗಟ್ಟಿತ್ತು. ಆಮೇಲೆ ಅವನ ಮುಖ ನೋಡುತ್ತ ತನ್ನ ತುಟಿಯ ಮೇಲೆ ಬೆರಳಿಟ್ಟಳು. ಅವಳು ಅಣಕಿಸಲಿಲ್ಲ. ಅವಳ ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಳು.

ಅವರಿಬ್ಬರೂ ಇನ್ನೂ ಬಹಳ ವರ್ಷ ಒಂದೇ ಮನೆಯಲ್ಲಿ ಇದ್ದರು. ಅವನು ಮತ್ತೆ ಯಾರ ಧ್ವನಿಯನ್ನೂ ಮುದ್ರಿಸಲಿಲ್ಲ. ಅವಳ ಧ್ವನಿ ಹೇಗಿತ್ತು ಎಂಬುದು ಮೊದಲು ಅಕ್ಕಪಕ್ಕದವರಿಗೆ ಮರೆತುಹೋಯಿತು. ಆಮೇಲೆ ಅವನಿಗೂ ಮರೆತುಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸಂಜೆಯ ಪಂಕ್ತಿಗೆ ಹೊತ್ತಾಗಿತ್ತು.

ಮುರುಗಯ್ಯ, “ಆ ಮೊದಲನೇ ಫ್ಯಾನ್ ಸುಳ್ಳ ಹೇಳಿತೇನ್ರಿ, ಅಜ್ಜಾರ?” ಎಂದು ಕೇಳಿದ.

“ಇಲ್ಲಪಾ. ಅದು ತನ್ನದಷ್ಟ ಹೇಳಿತು. ಎಲ್ಲಾರದೂ ಅಂತ ಕೇಳಿಸ್ಕೊಂಡಾಂವ ಇಂವ.”

ಬಾಗಿಲ ಗಾಳಿಯಲ್ಲಿ ಕುಳಿತ ಗದಿಗೆಪ್ಪನೂ ಸುಳ್ಳು ಹೇಳಿರಲಿಲ್ಲ ಎಂಬುದು ಮುರುಗಯ್ಯನಿಗೆ ತಿಳಿಯಿತು. ತಿಳಿದದ್ದರಿಂದಲೇ ಅವನಿಗೆ ಒಂದಿಷ್ಟು ಹಗುರಾಯಿತು. ಹೊಗೆಯ ಕೋಣೆಯಲ್ಲಿ ತಾನು ಮಾಡಬೇಕಾದ್ದು ಇಷ್ಟೇ ಎಂಬ ಧೈರ್ಯವೂ ಬಂತು. ಅವನು ಗುರುಗಳ ಪಾದ ಮುಟ್ಟಿ, “ಇನ್ನ ಮ್ಯಾಲೆ ಒಳಗ ಹೋಗಿ ಎಲ್ಲಾರನ್ನೂ ಕೇಳ್ತೀನ್ರಿ” ಎಂದು ಹೇಳಿ ಏಳಹೊರಟ.

ಗುರುಗಳು ಕೇಳಿದರು, “ಇವತ್ತ ಮಧ್ಯಾಹ್ನ ಪಂಕ್ತ್ಯಾಗ ಬಿಸಿ ರೊಟ್ಟಿ ಉಂಡಿಯಲ್ಲ ಮುರುಗಯ್ಯಾ, ನೀಲವ್ವನ ಒಲಿ ಮುಂದ ಈಗ ಯಾರ ಕುಂತಾರ?”